ಈಕ್ವಲೈಜರ್ ಹಾಕಿದ ಮೇಲೆ ಹೆಡ್‌ಫೋನ್‌ನಲ್ಲಿ ಹಾಡು ಇನ್ನೂ ಕೆಟ್ಟು ಕೇಳಿಸುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಮಂದ್ರಪ್ರಿಯ:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಇದರ ಹಿಂದೆಯೇ ಬಿದ್ದಿದ್ದೇನೆ, ದಾರಿ ಕಾಣದೆ ಇಲ್ಲಿ ಕೇಳುತ್ತಿದ್ದೇನೆ.

ವೈರ್ ಇರುವ ಕ್ಲೋಸ್ಡ್ ಬ್ಯಾಕ್ (ಕಪ್‌ಗಳ ಹಿಂಬದಿ ಮುಚ್ಚಿರುವ) ಹೆಡ್‌ಫೋನ್ ಒಂದನ್ನು ತಗೊಂಡೆ. ಲ್ಯಾಪ್‌ಟಾಪ್‌ಗೆ ಸಣ್ಣ ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಹಾಡನ್ನು ಹೆಡ್‌ಫೋನ್‌ಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಸಾಧನ) ಹಾಕಿ, ಅದಕ್ಕೆ ಸಿಕ್ಕಿಸಿ ಕೇಳುತ್ತೇನೆ. ವಿಂಡೋಸ್, ಪ್ಲೇಯರ್ ಫೂಬಾರ್2000. ಮುಕ್ಕಾಲು ಪಾಲು ಹಾಡುಗಳು ನನ್ನದೇ ಸಿಡಿಗಳಿಂದ ತೆಗೆದ, ಗುಣ ಕಳೆಯದ ಫ್ಲ್ಯಾಕ್ ಫೈಲ್‌ಗಳು, ಉಳಿದವು ತುಂಬಾ ಕುಗ್ಗಿಸಿದ ಹಳೇ 128 ಕೆಬಿಪಿಎಸ್ ಎಂಪಿ3.

ಮೊದಲ ದಿನ ಬೇಸ್, ಅಂದರೆ ಕೆಳಗಿನ ಸ್ವರಗಳು, ಕಡಿಮೆ ಅನ್ನಿಸಿತು. ಫೂಬಾರ್‌ನ ಈಕ್ವಲೈಜರ್ (ಬೇರೆ ಬೇರೆ ಎತ್ತರದ ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ) ತೆರೆದು ಎಡಗಡೆಯ, ಅಂದರೆ ಬೇಸ್‌ನ, ಮೂರು ಸ್ಲೈಡರ್‌ಗಳನ್ನು 8 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಮೇಲೆತ್ತಿದೆ. ಆಹಾ, ಅವತ್ತು ಎಷ್ಟು ಚೆನ್ನಾಗಿತ್ತು! ಆಮೇಲೆ ಹೆಡ್‌ಫೋನ್‌ಗಳಿಗೆ ಸಿದ್ಧ ಈಕ್ವಲೈಜರ್ ಸೆಟ್ಟಿಂಗ್ ಕೊಡುವ ಆಟೋಈಕ್ಯೂ ಬಗ್ಗೆ ಓದಿದೆ, ನನ್ನ ಹೆಡ್‌ಫೋನ್ ಮಾಡೆಲನ್ನೇ ಅಳೆದು ಮಾಡಿದ ಪ್ರೊಫೈಲ್ ಸಿಕ್ಕಿತು, ಈಕ್ವಲೈಜರ್ ಎಪಿಒ (ವಿಂಡೋಸ್‌ನ ಸದ್ದಿಗೆಲ್ಲ ಅನ್ವಯಿಸುವ ಈಕ್ವಲೈಜರ್ ಸಾಫ್ಟ್‌ವೇರ್) ಇನ್‌ಸ್ಟಾಲ್ ಮಾಡಿ ಅದನ್ನೂ ಹಾಕಿದೆ. ಹಾಕಿದ್ದೇ ತಡ, ಸದ್ದು ತೀರಾ ಇಳಿದುಹೋಯಿತು. ಫೈಲ್ ತೆರೆದು ನೋಡಿದರೆ ಮೊದಲ ಸಾಲಿನಲ್ಲೇ ಪ್ರಿಆಂಪ್ ಮೈನಸ್ 6.2 ಡಿಬಿ ಅಂತ ಇತ್ತು. ಓಹೋ ಇದೇ ಸದ್ದನ್ನು ತಿನ್ನುತ್ತಿರುವುದು ಅಂತ ಆ ಸಾಲನ್ನು ಅಳಿಸಿಬಿಟ್ಟೆ, ಸದ್ದು ವಾಪಸ್ ಬಂತು.

ಈಗಿನ ಪರಿಸ್ಥಿತಿ ಹೀಗಿದೆ. ಡ್ರಮ್ ಬಿದ್ದಾಗಲೆಲ್ಲ ಹಾಡುವವರ ದನಿ ಒಂದು ಹೆಜ್ಜೆ ಹಿಂದಕ್ಕೆ ಸರಿದು ಮತ್ತೆ ಮುಂದೆ ಬಂದ ಹಾಗೆ ಕೇಳಿಸುತ್ತದೆ. ಸ, ಶ ಅಕ್ಷರಗಳು ಚುಚ್ಚುತ್ತವೆ. ಅರ್ಧ ಗಂಟೆ ಕೇಳಿದರೆ ಕಿವಿ ಸೋತುಹೋಗುತ್ತದೆ, ತೆಗೆದಿಟ್ಟರೆ ಸಾಕು ಅನ್ನಿಸುತ್ತದೆ. ಎಕ್ಸ್‌ಕ್ಲೂಸಿವ್ ಮೋಡ್ (ಪ್ಲೇಯರ್ ನೇರವಾಗಿ ಡ್ಯಾಕ್‌ಗೆ ಸದ್ದು ಕಳಿಸುವ ಬಗೆ) ಹಾಕಿದರೆ ಒಳ್ಳೆಯದು ಅಂತ ಒಂದು ವಿಡಿಯೋದಲ್ಲಿ ಹೇಳಿದ್ದರು, ಅದನ್ನೂ ಮಾಡಿ ನೋಡಿದೆ, ಸದ್ದು ಪೂರ್ತಿ ಬೇರೆಯೇ ಆಯಿತು, ಬೇಸ್ ಅರ್ಧಕ್ಕರ್ಧ ಹೋಯಿತು. ಮತ್ತೆ ತೆಗೆದೆ. ವಿಂಡೋಸ್‌ನಲ್ಲಿ 24 ಬಿಟ್ 192 ಕಿಲೋಹರ್ಟ್ಸ್ ಅಂತ ಇಟ್ಟಿದ್ದೇನೆ, ಇರುವುದರಲ್ಲಿ ದೊಡ್ಡ ಸಂಖ್ಯೆ ಅದೇ ಅಂತ.

ನನಗೆ ಬೇಕಾಗಿರುವುದು ಇಷ್ಟೇ. ಬೇಸ್ ತುಂಬಿ ಬರಬೇಕು, ಆದರೆ ದನಿ ಮುಂದೆ ನಿಲ್ಲಬೇಕು, ಎರಡು ಗಂಟೆ ಕೇಳಿದರೂ ಕಿವಿಗೆ ಭಾರವಾಗಬಾರದು. ಹೆಡ್‌ಫೋನ್ ಬದಲಿಸಿ ಅಂತ ದಯವಿಟ್ಟು ಹೇಳಬೇಡಿ, ಇದನ್ನೇ ಸರಿ ಮಾಡಿಕೊಳ್ಳುವ ಆಸೆ.


ಸದ್ದುಮಾಪಕ:

ಆ ಒಂದು ಸಾಲು ಅಳಿಸಿದ್ದೇ ಮುಖ್ಯ ತೊಂದರೆ. ಮೊದಲು ಅದನ್ನು ವಾಪಸ್ ಹಾಕಿ, ಉಳಿದ ಮಾತು ಆಮೇಲೆ.

ಯಾಕೆ ಅಂತ ಹೇಳುತ್ತೇನೆ. ಇದು ಒಮ್ಮೆ ತಲೆಗೆ ಹೋದರೆ ಮುಂದೆ ಯಾವ ಪ್ಲೇಯರ್ ಬಳಸಿದರೂ ಎಡವುವುದಿಲ್ಲ. ಡಿಜಿಟಲ್ ಸದ್ದಿಗೆ ಒಂದು ಸೂರು ಇದೆ. 16 ಬಿಟ್ ಸಿಡಿಯಲ್ಲಿ ಯಾವ ಸ್ಯಾಂಪಲ್ (ಸದ್ದಿನ ಒಂದು ಕ್ಷಣದ ಅಳತೆ) ಕೂಡ 32767 ದಾಟುವ ಹಾಗಿಲ್ಲ, ಆ ಮಟ್ಟವನ್ನೇ 0 ಡಿಬಿ ಅನ್ನುವುದು. ಈಗಿನ ಬಹಳಷ್ಟು ಹಾಡುಗಳನ್ನು ತಯಾರಿಸುವಾಗಲೇ ಆ ಸೂರಿಗೆ ತಾಗುವಷ್ಟು ಜೋರಾಗಿ ಮಾಡಿರುತ್ತಾರೆ. ಅದರ ಮೇಲೆ ನೀವು ಬೇಸ್ ಎತ್ತಿದರೆ ಅದು ಹೋಗುವುದೆಲ್ಲಿಗೆ? 6 ಡಿಬಿ ಎತ್ತುವುದು ಅಂದರೆ ಅಲೆಯ ಎತ್ತರವನ್ನು ಎರಡರಷ್ಟು ಮಾಡಿದಂತೆ. ನೀವು ಫೂಬಾರ್‌ನಲ್ಲಿ 8 ಎತ್ತಿದ್ದೀರಿ. ಪ್ರಿಆಂಪ್ ಸಾಲಿನಲ್ಲಿ ಮೈನಸ್ 6.2 ಇತ್ತು ಅಂದರೆ ಆ ಪ್ರೊಫೈಲ್ ಎಲ್ಲೋ ಒಂದು ಕಡೆ ಹೆಚ್ಚುಕಡಿಮೆ 6 ಡಿಬಿ ಎತ್ತುತ್ತಿದೆ, ಅಂಥ ಪ್ರೊಫೈಲ್‌ಗಳಲ್ಲಿ ಅದು ಸಾಮಾನ್ಯವಾಗಿ ಬೇಸ್‌ನಲ್ಲೇ ಇರುತ್ತದೆ. ಎರಡೂ ಒಂದೇ ಜಾಗಕ್ಕೆ ಬಿದ್ದರೆ 14 ಡಿಬಿ. ಅಲೆ ಐದು ಪಟ್ಟು ದೊಡ್ಡದಾಯಿತು!

ಫೂಬಾರ್ ಒಳಗೆ ಲೆಕ್ಕ ನಡೆಯುವುದು ಫ್ಲೋಟಿಂಗ್ ಪಾಯಿಂಟ್‌ನಲ್ಲಿ, ಅಂದರೆ ಆ ಸೂರು ಅಡ್ಡ ಬಾರದ ದಶಮಾಂಶ ಸಂಖ್ಯೆಗಳಲ್ಲಿ, ಹಾಗಾಗಿ ಅಲ್ಲಿ ಎಷ್ಟು ಎತ್ತಿದರೂ ಏನೂ ಮುರಿಯುವುದಿಲ್ಲ. ಕೆಡುವುದು ಹೊರಗೆ ಹೋಗುವ ಬಾಗಿಲಲ್ಲಿ. ವಿಂಡೋಸ್‌ನ ಸಾಮಾನ್ಯ ದಾರಿಯಲ್ಲಿ, ಅಂದರೆ ಷೇರ್ಡ್ ಮೋಡ್‌ನಲ್ಲಿ, ಒಂದು ಲಿಮಿಟರ್ ಕೂತಿರುತ್ತದೆ. ಸೂರು ದಾಟುವ ಸದ್ದು ಬಂದ ಕೂಡಲೇ ಅದು ಇಡೀ ಹಾಡನ್ನು ಒಂದು ಕ್ಷಣ ಅದುಮುತ್ತದೆ. ಬೇಸ್ ಜೋರಾಗಿ ಬಿದ್ದಾಗ ದನಿ ಹಿಂದೆ ಸರಿಯುತ್ತದೆ ಅಂತ ಬರೆದಿದ್ದೀರಲ್ಲ, ಅದು ಇದೇ ಅದುಮುವಿಕೆಯ ಸದ್ದು ಅಂತ ನನಗನ್ನಿಸುತ್ತದೆ. ಲಿಮಿಟರ್ ಇಲ್ಲದ ದಾರಿಯಲ್ಲಿ ಅಲೆಯ ತುದಿ ನೇರವಾಗಿ ಕತ್ತರಿಸಿಹೋಗುತ್ತದೆ, ಆಗ ಕರಕರ ಅನ್ನುತ್ತದೆ. ಇದನ್ನೇ ಕ್ಲಿಪ್ಪಿಂಗ್ ಅನ್ನುವುದು.

ಪ್ರಿಆಂಪ್ ಮೈನಸ್ ಇರುವುದು ಎಲ್ಲವನ್ನೂ ಮೊದಲೇ ತಗ್ಗಿಸಿ, ಎತ್ತುವುದಕ್ಕೆ ಜಾಗ ಮಾಡಿಕೊಡಲಿಕ್ಕೆ. ಎಷ್ಟು ತಗ್ಗಿಸಬೇಕು ಅನ್ನುವ ಲೆಕ್ಕ ಸುಲಭ, ಈಕ್ವಲೈಜರ್‌ನ ಒಟ್ಟಾರೆ ಗೆರೆಯಲ್ಲಿ ಅತಿ ಎತ್ತರದ ಜಾಗ ಎಷ್ಟೋ ಅಷ್ಟು. ಈಕ್ವಲೈಜರ್ ಎಪಿಒ ಎಡಿಟರ್‌ನ ಕೆಳಗೆ ಅನಾಲಿಸಿಸ್ ಭಾಗ ಇದೆ, ಅಲ್ಲಿ ಪೀಕ್ ಗೇನ್ ಅಂತ ತೋರಿಸುತ್ತದೆ. ಅದು 0 ಅಥವಾ ಅದಕ್ಕಿಂತ ಕೆಳಗೆ ಇರುವ ಹಾಗೆ ಪ್ರಿಆಂಪ್ ಇಳಿಸಿ. ಕಳೆದುಹೋದ ಸದ್ದನ್ನು ಡ್ಯಾಕ್‌ನ ವಾಲ್ಯೂಮ್ ಗುಂಡಿ ತಿರುಗಿಸಿ ವಾಪಸ್ ತಗೊಳ್ಳಿ. ಇದಕ್ಕೆಂದೇ ಆ ಗುಂಡಿ ಇರುವುದು.

ಮತ್ತೆ ಫೂಬಾರ್‌ನ ಈಕ್ವಲೈಜರನ್ನು ಡಿಎಸ್‌ಪಿ (ಸದ್ದನ್ನು ಬದಲಿಸುವ ಪರಿಣಾಮಗಳ) ಪಟ್ಟಿಯಿಂದ ಪೂರ್ತಿ ತೆಗೆಯಿರಿ. ಎರಡು ಕಡೆ ಈಕ್ವಲೈಜರ್ ಇಟ್ಟರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅಂದ ಹಾಗೆ. ಯಾವುದು ಏನು ಮಾಡುತ್ತಿದೆ ಅನ್ನುವುದೇ ತಿಳಿಯುವುದಿಲ್ಲ.


ಹಳೇಕ್ಯಾಸೆಟ್:

ಸದ್ದುಮಾಪಕರು ಹೇಳಿದ್ದು ಪೂರ್ತಿ ಸರಿ. ಆದರೆ ಸಾಫ್ಟ್‌ವೇರ್ ಮುಟ್ಟುವ ಮೊದಲು ಒಂದು ಕೆಲಸ ಮಾಡಿ. ಹಾಡು ಓಡುತ್ತಿರುವಾಗ ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಬೇಸ್ ತಟ್ಟನೆ ಜಾಸ್ತಿ ಆಯಿತಾ? ಆಯಿತು ಅಂದರೆ ನಿಮ್ಮ ಬೇಸ್ ಸೋರಿಹೋಗುತ್ತಿದೆ ಅಂತ ಅರ್ಥ. ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್‌ನಲ್ಲಿ ಪ್ಯಾಡ್ ಮತ್ತು ಚರ್ಮದ ನಡುವೆ ಸಣ್ಣ ಸಂದು ಇದ್ದರೂ ಕೆಳಗಿನ ಸ್ವರಗಳು ಕುಸಿಯುತ್ತವೆ. ಕನ್ನಡಕದ ಕಡ್ಡಿ, ಕಿವಿಯ ಹಿಂದಿನ ಕೂದಲು, ಸವೆದು ಚಪ್ಪಟೆಯಾದ ಪ್ಯಾಡ್, ಯಾವುದರಿಂದಲೂ ಆಗಬಹುದು. ನಾನು ಕನ್ನಡಕ ಹಾಕುವವನು, ತೆಳ್ಳಗಿನ ಕಡ್ಡಿಯ ಫ್ರೇಮ್‌ಗೆ ಬದಲಾದ ಮೇಲೆ ನನ್ನ ಈಕ್ವಲೈಜರ್‌ನಲ್ಲಿ ಬೇಸ್ 3 ಡಿಬಿ ಇಳಿಸಬೇಕಾಯಿತು, ಅಷ್ಟು ವ್ಯತ್ಯಾಸ.

ಇಯರ್‌ಫೋನ್ ಬಳಸುವವರಿಗೂ ಇದೇ ಮಾತು. ರಬ್ಬರ್ ತುದಿಯ ಅಳತೆ ತಪ್ಪಿದ್ದರೆ ಯಾವ ಸೆಟ್ಟಿಂಗ್‌ನಿಂದಲೂ ಬೇಸ್ ಬರುವುದಿಲ್ಲ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು.


ಮಂದ್ರಪ್ರಿಯ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಒತ್ತಿ ನೋಡಿದೆ, ಬೇಸ್ ಸ್ವಲ್ಪವೇ ಜಾಸ್ತಿ ಆಯಿತು, ಅಷ್ಟೇನೂ ಇಲ್ಲ. ಕನ್ನಡಕ ಇಲ್ಲ.

ಪ್ರಿಆಂಪ್ ಸಾಲು ವಾಪಸ್ ಹಾಕಿದೆ, ಫೂಬಾರ್ ಈಕ್ವಲೈಜರ್ ತೆಗೆದೆ. ದನಿ ಹಿಂದೆ ಸರಿಯುವುದು ನಿಂತೇ ಹೋಯಿತು, ಇಷ್ಟು ಬೇಗ ಗೊತ್ತಾಗುತ್ತದೆ ಅಂದುಕೊಂಡಿರಲಿಲ್ಲ. ಆದರೆ ನಿಜ ಹೇಳಬೇಕೆಂದರೆ ಹಾಡು ಈಗ ಸಪ್ಪೆ ಅನ್ನಿಸುತ್ತಿದೆ. ಪ್ರೊಫೈಲ್ ಆಫ್ ಮಾಡಿದರೆ ಜೀವ ಬರುತ್ತದೆ, ಆನ್ ಮಾಡಿದರೆ ಮಂಕಾಗುತ್ತದೆ. ಅಳತೆ ಮಾಡಿ ಮಾಡಿದ್ದು ಚೆನ್ನಾಗಿರಬೇಕಿತ್ತು ಅಲ್ವಾ?


ತಂತಿನಾದ:

ಮಂದ್ರಪ್ರಿಯ ಅವರೇ, ಇಲ್ಲಿ ನಿಮ್ಮ ಕಿವಿಗೆ ಮೋಸವಾಗುತ್ತಿದೆ. ಆಫ್ ಮಾಡಿದಾಗ ಹಾಡು 6 ಡಿಬಿ ಜೋರಾಗುತ್ತದೆ, ಆನ್ ಮಾಡಿದಾಗ ಇಳಿಯುತ್ತದೆ. ಜೋರಾಗಿರುವುದು ಯಾವಾಗಲೂ ಚೆನ್ನಾಗಿ ಕೇಳಿಸುತ್ತದೆ. 1 ಡಿಬಿ ವ್ಯತ್ಯಾಸ ಇದ್ದರೂ ಸಾಕು, ಜೋರು ಅಂತ ಗೊತ್ತಾಗುವುದಿಲ್ಲ, ಸ್ಪಷ್ಟ, ತುಂಬಿದೆ, ಜೀವ ಇದೆ ಅಂತ ಅನ್ನಿಸುತ್ತದೆ.

ಇದರ ಹಿಂದೆ ಒಂದು ಹಳೆಯ ಸಂಗತಿ ಇದೆ. 1933ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದು ಇದನ್ನೇ, ಸದ್ದಿನ ಮಟ್ಟ ಇಳಿದ ಹಾಗೆ ನಮ್ಮ ಕಿವಿ ಬೇಸನ್ನು ಬೇರೆ ಸ್ವರಗಳಿಗಿಂತ ಬೇಗ ಕಳೆದುಕೊಳ್ಳುತ್ತದೆ. ಮೆಲ್ಲಗೆ ಕೇಳಿದರೆ ಅದೇ ಹಾಡು ತೆಳ್ಳಗೆ, ಜೋರಾಗಿ ಕೇಳಿದರೆ ಮೈತುಂಬಿ ಬರುವುದು ಇದಕ್ಕೇ. ಹಾಗಾಗಿ ಒಂದು ವಾಲ್ಯೂಮ್‌ನಲ್ಲಿ ಹೊಂದಿಸಿದ ಈಕ್ವಲೈಜರ್ ಇನ್ನೊಂದು ವಾಲ್ಯೂಮ್‌ನಲ್ಲಿ ಸರಿ ಬರುವುದಿಲ್ಲ. ನೀವು ದಿನವೂ ಯಾವ ಮಟ್ಟದಲ್ಲಿ ಕೇಳುತ್ತೀರೋ ಅದೇ ಮಟ್ಟದಲ್ಲಿ ಕೂತು ಹೊಂದಿಸಿ.

ಹೋಲಿಸಿ ನೋಡುವ ಬಗೆ ಹೀಗೆ. ಈಕ್ವಲೈಜರ್ ಎಪಿಒದಲ್ಲಿ ಎರಡು ಫೈಲ್ ಮಾಡಿಟ್ಟುಕೊಳ್ಳಿ. ಒಂದರಲ್ಲಿ ನಿಮ್ಮ ಪ್ರೊಫೈಲ್. ಇನ್ನೊಂದರಲ್ಲಿ ಯಾವ ಫಿಲ್ಟರೂ (ಒಂದು ಜಾಗದ ಸ್ವರಗಳನ್ನು ಎತ್ತುವ ಇಲ್ಲವೇ ಇಳಿಸುವ ಸಾಲು) ಇಲ್ಲ, ಪ್ರಿಆಂಪ್ ಮಾತ್ರ, ಮೈನಸ್ 5ರ ಆಸುಪಾಸು. ಒಬ್ಬರೇ ಹಾಡುವ, ಹಿಂದೆ ಹೆಚ್ಚು ವಾದ್ಯ ಇಲ್ಲದ ಹಾಡು ಹಾಕಿ, ಎರಡರ ನಡುವೆ ಬದಲಿಸುತ್ತಾ ದನಿ ಎರಡರಲ್ಲೂ ಸಮ ಎತ್ತರದಲ್ಲಿ ಕೇಳುವ ತನಕ ಎರಡನೆಯದರ ಪ್ರಿಆಂಪನ್ನು ಅರ್ಧ ಅರ್ಧ ಡಿಬಿ ಸರಿಸಿ. ಆಮೇಲೆ ಯಾವುದು ಚೆನ್ನಾಗಿದೆ ಅಂತ ನೋಡಿ. ಈ ಒಂದು ಕೆಲಸಕ್ಕೆ ಹದಿನೈದು ನಿಮಿಷ ಕೊಡಿ, ಉಳಿದ ಎಲ್ಲ ಸೆಟ್ಟಿಂಗ್‌ಗಳಿಗಿಂತ ಇದು ನಿಮಗೆ ಜಾಸ್ತಿ ಕಲಿಸುತ್ತದೆ ಅಂತ ನನ್ನ ನಂಬಿಕೆ.

ಹಾಡಿಂದ ಹಾಡಿಗೆ ಮಟ್ಟ ಏರಿಳಿಯುವುದನ್ನೂ ಸರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಹಳೇ ಸಿಡಿಯ ಹಾಡು ಸಪ್ಪೆ, ಹೊಸದು ಚುಚ್ಚು ಅಂತ ಈಕ್ವಲೈಜರ್ ಹಿಂದೆ ಓಡುತ್ತಲೇ ಇರುತ್ತೀರಿ. ಅದಕ್ಕೆ ರಿಪ್ಲೇಗೇನ್ ಇದೆ, 2001ರಿಂದಲೂ ಇರುವ ಪದ್ಧತಿ. ಫೂಬಾರ್‌ನಲ್ಲಿ ಎಲ್ಲ ಹಾಡುಗಳನ್ನು ಆರಿಸಿ ರೈಟ್ ಕ್ಲಿಕ್ ಮಾಡಿ ರಿಪ್ಲೇಗೇನ್ ಸ್ಕ್ಯಾನ್ ಕೊಡಿ, ಆಲ್ಬಂಗಳಾಗಿ ಸ್ಕ್ಯಾನ್ ಮಾಡುವ ಆಯ್ಕೆ ತಗೊಳ್ಳಿ. ಅದು ಹಾಡಿನ ಸದ್ದನ್ನು ಬದಲಿಸುವುದಿಲ್ಲ, ಇಷ್ಟು ತಗ್ಗಿಸು ಅಂತ ಟ್ಯಾಗ್‌ನಲ್ಲಿ ಬರೆದಿಡುತ್ತದೆ. ಆಮೇಲೆ ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿ ರಿಪ್ಲೇಗೇನ್ ಆನ್ ಮಾಡಿ. ಇಡೀ ಆಲ್ಬಂ ಒಟ್ಟಿಗೆ ಕೇಳುವವರಾದರೆ ಆಲ್ಬಂ ಮೋಡ್, ಎಲ್ಲ ಕಲಸಿ ಕೇಳುವವರಾದರೆ ಟ್ರ್ಯಾಕ್ ಮೋಡ್. ಹೊಸ ಕಾಲದ ಜೋರು ಹಾಡುಗಳನ್ನು ಇದು ಚೆನ್ನಾಗಿ ಕೆಳಗಿಳಿಸುವುದರಿಂದ ಈಕ್ವಲೈಜರ್‌ಗೆ ಬೇಕಾದ ಜಾಗವೂ ತಾನಾಗಿ ಸಿಗುತ್ತದೆ. ಹಾಗಂತ ಪ್ರಿಆಂಪ್ ಸಾಲು ಮತ್ತೆ ಅಳಿಸಬೇಡಿ!


ಕೊಳಲುಕಿವಿ:

ಎಕ್ಸ್‌ಕ್ಲೂಸಿವ್ ಮೋಡ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಅದನ್ನೇ ಬಳಸಿ ಅಂತ ನನ್ನ ಸಲಹೆ. ವಿಂಡೋಸ್ ಮಿಕ್ಸರ್ ದಾಟಿ ಫೈಲ್ ಇದ್ದಂತೆಯೇ ಡ್ಯಾಕ್‌ಗೆ ಹೋಗುತ್ತದೆ, ಬಿಟ್ ಪರ್ಫೆಕ್ಟ್. ನಾನು ವರ್ಷಗಳಿಂದ ಹಾಗೇ ಕೇಳುತ್ತಿದ್ದೇನೆ, ಮಧ್ಯದಲ್ಲಿ ಮೆಸೇಜ್ ಬಂದ ಸದ್ದು ಕೂಡ ನುಗ್ಗುವುದಿಲ್ಲ.


ಸದ್ದುಮಾಪಕ:

ಕೊಳಲುಕಿವಿ ಅವರ ಕೊನೆಯ ಮಾತು ಒಪ್ಪುತ್ತೇನೆ, ಬೇರೆ ಸದ್ದು ನುಗ್ಗದಿರುವುದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಮಂದ್ರಪ್ರಿಯ ಅವರ ವಿಷಯದಲ್ಲಿ ಒಂದು ತೊಡಕಿದೆ. ಎಕ್ಸ್‌ಕ್ಲೂಸಿವ್ ಮೋಡ್‌ನಲ್ಲಿ ಸದ್ದು ಈಕ್ವಲೈಜರ್ ಎಪಿಒ ಮೂಲಕ ಹೋಗುವುದೇ ಇಲ್ಲ. ಅದು ಕೂತಿರುವುದು ವಿಂಡೋಸ್‌ನ ಸಾಮಾನ್ಯ ದಾರಿಯ ಒಳಗೆ, ಎಕ್ಸ್‌ಕ್ಲೂಸಿವ್ ಅಂದರೆ ಆ ದಾರಿಯನ್ನೇ ಬಿಟ್ಟು ಹೋಗುವುದು. ವಿಂಡೋಸ್ ಮಿಕ್ಸರ್ ದಾಟುವ ಇನ್ನೊಂದು ದಾರಿಯಾದ ಎಎಸ್‌ಐಒ ಬಳಸಿದರೂ ಇದೇ ಕಥೆ. ಅವರು ಮೋಡ್ ಬದಲಿಸಿದಾಗ ಬೇಸ್ ಅರ್ಧ ಹೋಗಿದ್ದು ಇದಕ್ಕೇ, ಪ್ರೊಫೈಲ್ ಬಿಟ್ಟುಹೋಗಿ ಫೂಬಾರ್‌ನ 8 ಡಿಬಿ ಮಾತ್ರ ಉಳಿಯಿತು.

ಎರಡರಲ್ಲಿ ಒಂದು ಆರಿಸಿಕೊಳ್ಳಿ. ಷೇರ್ಡ್ ಮೋಡ್ ಮತ್ತು ಈಕ್ವಲೈಜರ್ ಎಪಿಒ, ಇಲ್ಲದಿದ್ದರೆ ಎಕ್ಸ್‌ಕ್ಲೂಸಿವ್ ಮೋಡ್ ಮತ್ತು ಪ್ಲೇಯರ್ ಒಳಗಿನ ಈಕ್ವಲೈಜರ್. ಬ್ರೌಸರ್‌ನಲ್ಲೂ ಹಾಡು ಕೇಳುವವರಿಗೆ ಮೊದಲನೆಯದು ಒಳ್ಳೆಯದು, ಎಲ್ಲಕ್ಕೂ ಒಂದೇ ಪ್ರೊಫೈಲ್ ಅನ್ವಯಿಸುತ್ತದೆ. ಬಿಟ್ ಪರ್ಫೆಕ್ಟ್ ಬಗ್ಗೆ ಒಂದೇ ಮಾತು, ಈಕ್ವಲೈಜರ್ ಹಾಕಿದ ಕ್ಷಣವೇ ಬಿಟ್‌ಗಳು ಬದಲಾದವು, ಬದಲಾಗಲಿ ಅಂತಲೇ ಹಾಕಿದ್ದು. ಹೆಡ್‌ಫೋನ್‌ನ 5 ಡಿಬಿ ಏರಿಳಿತ ಸರಿಪಡಿಸುವುದು ಕಿವಿಗೆ ಸ್ಪಷ್ಟವಾಗಿ ಗೊತ್ತಾಗುವ ಕೆಲಸ. ಸರಿಯಾಗಿ ಹೊಂದಿಸಿದ ಷೇರ್ಡ್ ಮೋಡ್‌ಗೂ ಎಕ್ಸ್‌ಕ್ಲೂಸಿವ್‌ಗೂ ಇರುವ ವ್ಯತ್ಯಾಸವನ್ನು ನಾನಂತೂ ಕಣ್ಣು ಮುಚ್ಚಿ ಗುರುತಿಸಲಾರೆ.

192 ಕಿಲೋಹರ್ಟ್ಸ್ ಬೇಡ. ಅದು ಸೆಕೆಂಡಿಗೆ ಎಷ್ಟು ಸಾವಿರ ಸ್ಯಾಂಪಲ್ ಅನ್ನುವ ಲೆಕ್ಕ. ನಿಮ್ಮ ಸಿಡಿಗಳೆಲ್ಲ 44.1ರಲ್ಲಿವೆ, ಅದರಲ್ಲೇ ಅದರ ಅರ್ಧ, ಅಂದರೆ 22 ಕಿಲೋಹರ್ಟ್ಸ್ ತನಕದ ಸದ್ದು ಹಿಡಿಸುತ್ತದೆ, ಮನುಷ್ಯರ ಕಿವಿ 20ಕ್ಕೇ ನಿಲ್ಲುತ್ತದೆ, ವಯಸ್ಸಾದ ಹಾಗೆ ಇನ್ನೂ ಕೆಳಗೆ. 192 ಇಟ್ಟರೆ ವಿಂಡೋಸ್ ಪ್ರತಿ ಹಾಡನ್ನೂ ಸುಮ್ನೆ ಬದಲಿಸುತ್ತಾ ಕೂರುತ್ತದೆ, ಹೊಸದಾಗಿ ಏನೂ ಹುಟ್ಟುವುದಿಲ್ಲ. 44.1 ಇಡಿ. 24 ಬಿಟ್ ಮಾತ್ರ ಹಾಗೇ ಇರಲಿ, ಅದರಿಂದ ನಿಜವಾದ ಉಪಯೋಗ ಇದೆ. ಡಿಜಿಟಲ್ ಆಗಿ 6 ಡಿಬಿ ತಗ್ಗಿಸಿದರೆ ಒಂದು ಬಿಟ್ ಕಳೆದಂತೆ. 16 ಬಿಟ್ ಹಾಡಿಗೆ 24 ಬಿಟ್ ದಾರಿ ಇದ್ದರೆ 8 ಬಿಟ್ ಮಿಗುತ್ತದೆ, ಅಂದರೆ 48 ಡಿಬಿ ಇಳಿಸಿದರೂ ಹಾಡಿನ ಬಿಟ್ ಒಂದೂ ಹೋಗುವುದಿಲ್ಲ. ಪ್ರಿಆಂಪ್ ಇಳಿಸಿದರೆ ಗುಣ ಹಾಳಾಗುತ್ತದೆ ಅನ್ನುವ ಭಯ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ.

ಸೌಂಡ್ ಸೆಟ್ಟಿಂಗ್‌ನಲ್ಲಿ ಎನ್‌ಹ್ಯಾನ್ಸ್‌ಮೆಂಟ್ ಅಂತ ಏನಾದರೂ ಆನ್ ಇದೆಯಾ ನೋಡಿ. ಲ್ಯಾಪ್‌ಟಾಪ್ ಜೊತೆಗೇ ಬರುವ ಸೌಂಡ್ ಆ್ಯಪ್‌ಗಳನ್ನೂ ಒಮ್ಮೆ ತೆರೆದು ನೋಡಿ. ನನ್ನದರಲ್ಲಿ ಅಂಥ ಒಂದು ಆ್ಯಪ್ ಪ್ರತಿ ಅಪ್‌ಡೇಟ್ ಆದ ಮೇಲೂ ತಾನೇ ಆನ್ ಆಗಿ ಸರೌಂಡ್ ಪರಿಣಾಮ ಹಾಕುತ್ತಿತ್ತು, ಕಂಡುಹಿಡಿಯಲು ತಿಂಗಳು ಹಿಡಿಯಿತು.


ಮಂದ್ರಪ್ರಿಯ:

ಸಮ ಮಟ್ಟದಲ್ಲಿ ಹೋಲಿಸಿ ನೋಡಿದೆ. ತಂತಿನಾದ ಅವರೇ, ನೀವು ಹೇಳಿದ್ದು ಸತ್ಯ. ಪ್ರೊಫೈಲ್ ಇರುವುದೇ ಚೆನ್ನಾಗಿದೆ, ದನಿ ಎದುರಿಗೆ ಕೂತ ಹಾಗಿದೆ. ಎರಡು ವಾರ ನಾನು ಕೇಳುತ್ತಿದ್ದುದು ಬರೀ ಜೋರನ್ನು ಅಂತ ಈಗ ಗೊತ್ತಾಗುತ್ತಿದೆ.

ಎರಡು ವಿಷಯ ಉಳಿದಿವೆ. ಸ ಶ ಚುಚ್ಚುವುದು ಕಡಿಮೆಯಾಗಿದೆ, ಆದರೆ ಹೋಗಿಲ್ಲ. ಬೇಸ್ ಇನ್ನೊಂದು ಚೂರು ಬೇಕು ಅನ್ನಿಸುತ್ತದೆ. ಪ್ರೊಫೈಲ್‌ನಲ್ಲಿ ಹತ್ತು ಫಿಲ್ಟರ್ ಇವೆ, ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು?


ತಂತಿನಾದ:

ಖುಷಿಯಾಯಿತು. ಈಗ ನಿಜವಾದ ಕೆಲಸ ಶುರು.

ಆ ಪ್ರೊಫೈಲ್ ಒಂದು ಗುರಿಯ ಕಡೆ ನಿಮ್ಮ ಹೆಡ್‌ಫೋನನ್ನು ಎಳೆಯುತ್ತದೆ, ಹೆಚ್ಚಾಗಿ ಹಾರ್ಮನ್ ಗುರಿಗೆರೆ. 2010ರ ದಶಕದಲ್ಲಿ ಹಾರ್ಮನ್ ಸಂಸ್ಥೆಯ ಷಾನ್ ಆಲಿವ್ ಮತ್ತು ಜೊತೆಗಾರರು ಕೇಳುಗರನ್ನು ಕೂರಿಸಿ, ಯಾವ ಬಗೆಯ ಸದ್ದು ಹೆಚ್ಚು ಜನರಿಗೆ ಹಿಡಿಸುತ್ತದೆ ಅಂತ ಪರೀಕ್ಷೆ ಮಾಡಿ ಆ ಗೆರೆ ಎಳೆದರು. ಬಹಳ ಜನರಿಗೆ ಹಿಡಿಸುತ್ತದೆ ಅಂದರೆ ನಿಮಗೂ ಹಿಡಿಸಲೇಬೇಕು ಅಂತಿಲ್ಲ. ಅವರ ಪರೀಕ್ಷೆಯಲ್ಲೇ ಕೆಲವರಿಗೆ ಬೇಸ್ ಜಾಸ್ತಿ, ಕೆಲವರಿಗೆ ಕಡಿಮೆ ಬೇಕಾಗಿತ್ತು. ಹಾಗಾಗಿ ಬೇಸ್ ವಿಷಯದಲ್ಲಿ ಸಂಕೋಚ ಬೇಡ. ಪ್ರೊಫೈಲ್‌ನ ಮೊದಲ ಫಿಲ್ಟರ್ 105 ಹರ್ಟ್ಸ್ ಸುತ್ತ ಇರುವ ಲೋ ಶೆಲ್ಫ್ (ಆ ಜಾಗದಿಂದ ಕೆಳಗಿನದನ್ನೆಲ್ಲ ಒಟ್ಟಿಗೆ ಎತ್ತುವ ಇಲ್ಲವೇ ಇಳಿಸುವ ಫಿಲ್ಟರ್) ಆಗಿರಬಹುದು, ನೋಡಿ. ಅದನ್ನು 2 ಡಿಬಿ ಎತ್ತಿ, ಪ್ರಿಆಂಪನ್ನು ಇನ್ನೂ 2 ಇಳಿಸಿ. ಅಷ್ಟು ಮಾಡಿ ಒಂದು ದಿನ ಬಿಡಿ.

ಅದಕ್ಕೂ ಮೊದಲು ಒಂದು ಪ್ರಯೋಗ ಮಾಡಿ, ನನಗೆ ತುಂಬಾ ಇಷ್ಟವಾದದ್ದು. 250 ಹರ್ಟ್ಸ್ ಹತ್ತಿರ ಒಂದು ಅಗಲವಾದ ಫಿಲ್ಟರ್ ಹಾಕಿ, ಕ್ಯೂ 1ರಷ್ಟು (ಕ್ಯೂ ಹೆಚ್ಚಿದಷ್ಟೂ ಫಿಲ್ಟರ್ ಕಿರಿದು), 2 ಡಿಬಿ ಕೆಳಗೆ. ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್‌ಗಳಲ್ಲಿ 200ರಿಂದ 400ರ ನಡುವೆ ಒಂದು ಬಗೆಯ ಮಬ್ಬು ಕೂತಿರುವುದು ಸಾಮಾನ್ಯ. ಅದು ದನಿಯ ಬುಡವನ್ನೂ ಬೇಸ್‌ನ ತುದಿಯನ್ನೂ ಒಟ್ಟಿಗೆ ಕಲಸುತ್ತದೆ. ಅಲ್ಲಿ ಚೂರು ತೆಗೆದರೆ ಬೇಸ್ ಎತ್ತದೆಯೇ ಬೇಸ್ ಬಿಡಿಬಿಡಿಯಾಗಿ ಎದ್ದು ಬರುತ್ತದೆ, ತಬಲಾ ಬಾಯಾದ ಗುಂಯ್ ಅನ್ನುವ ಸದ್ದಿನ ಸುತ್ತ ಗಾಳಿ ಆಡಿದ ಹಾಗೆ. ಯಾವುದೋ ಒಂದು ಕಡಿಮೆ ಇದೆ ಅನ್ನಿಸಿದಾಗ ಪಕ್ಕದಲ್ಲಿ ಯಾವುದು ಜಾಸ್ತಿ ಇದೆ ಅಂತ ಮೊದಲು ಹುಡುಕುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ತಗ್ಗಿಸುವುದಕ್ಕೆ ಜಾಗದ ಚಿಂತೆಯೂ ಇಲ್ಲ.

ಸ ಶ ವಿಷಯ ನಾಜೂಕು. ಅವು 5ರಿಂದ 9 ಕಿಲೋಹರ್ಟ್ಸ್ ನಡುವೆ ಎಲ್ಲಾದರೂ ಇರಬಹುದು, ಎಲ್ಲಿ ಅನ್ನುವುದು ನಿಮ್ಮ ಕಿವಿಯ ಆಕಾರದ ಮೇಲೂ ಹೆಡ್‌ಫೋನ್ ಕೂತ ರೀತಿಯ ಮೇಲೂ ಹೋಗುತ್ತದೆ. ಅಳತೆಯ ಯಂತ್ರದ ಕಿವಿ ನಿಮ್ಮ ಕಿವಿ ಅಲ್ಲ, 8 ಕಿಲೋಹರ್ಟ್ಸ್‌ನಿಂದ ಮೇಲಿನ ಅಳತೆಗಳನ್ನು ಅಕ್ಷರಶಃ ನಂಬಬೇಡಿ. ಪ್ರೊಫೈಲ್‌ನಲ್ಲಿ ಅಲ್ಲಿ ಕಿರಿದಾದ ಫಿಲ್ಟರ್‌ಗಳು ಏನನ್ನಾದರೂ ಎತ್ತುತ್ತಿದ್ದರೆ ಅವನ್ನು ಒಂದೊಂದಾಗಿ ತೆಗೆದು ಕೇಳಿ. ಹಲವು ಸಲ ಚುಚ್ಚುವುದು ಅದೇ ಆಗಿರುತ್ತದೆ.

ಅದರಿಂದಲೂ ಹೋಗದಿದ್ದರೆ ಟೋನ್ ಜನರೇಟರ್ (ಬೇಕಾದ ಎತ್ತರದ ಒಂಟಿ ಸ್ವರ ನುಡಿಸುವ ಸಾಫ್ಟ್‌ವೇರ್) ಒಂದನ್ನು ತೆರೆದು, ವಾಲ್ಯೂಮ್ ಚೆನ್ನಾಗಿ ಇಳಿಸಿ (ಇದನ್ನು ಮರೆಯಬೇಡಿ, ಎತ್ತರದ ಸ್ವರಗಳು ಕಿವಿಗೆ ನೋವು ಕೊಡುತ್ತವೆ), 4ರಿಂದ 10 ಕಿಲೋಹರ್ಟ್ಸ್ ತನಕ ನಿಧಾನಕ್ಕೆ ಸರಿಸುತ್ತಾ ಹೋಗಿ. ಎಲ್ಲೋ ಒಂದು ಕಡೆ ಸದ್ದು ತಟ್ಟನೆ ಚೂಪಾಗುತ್ತದೆ. ಆ ಸಂಖ್ಯೆ ಬರೆದಿಟ್ಟುಕೊಳ್ಳಿ, ಹೆಡ್‌ಫೋನ್ ತೆಗೆದು ಮತ್ತೆ ಹಾಕಿಕೊಂಡು ಇನ್ನೆರಡು ಸಲ ನೋಡಿ. ಮೂರು ಸಲವೂ ಒಂದೇ ಜಾಗ ಸಿಕ್ಕರೆ ಅಲ್ಲಿ 3 ಡಿಬಿ ತಗ್ಗಿಸಿ, ಕ್ಯೂ 3 ಅಥವಾ 4. ಪ್ರತಿ ಸಲ ಬೇರೆ ಜಾಗ ಬಂದರೆ ಅದನ್ನು ಫಿಲ್ಟರ್‌ನಿಂದ ಹಿಡಿಯಲು ಹೋಗಬೇಡಿ, 6 ಕಿಲೋಹರ್ಟ್ಸ್‌ನಿಂದ ಮೇಲೆ ಹೈ ಶೆಲ್ಫ್ ಹಾಕಿ ಒಂದೂವರೆ ಡಿಬಿ ಇಳಿಸಿದರೆ ಸಾಕು.

2ರಿಂದ 3 ಕಿಲೋಹರ್ಟ್ಸ್ ಜಾಗವನ್ನು ಮಾತ್ರ ಸುಮ್ನೆ ಮುಟ್ಟಬೇಡಿ. ನಮ್ಮ ಕಿವಿಯ ನಾಳವೇ ಅಲ್ಲಿ ಸದ್ದನ್ನು ಎತ್ತುತ್ತದೆ, ದನಿಯ ಸ್ಪಷ್ಟತೆ ಎಲ್ಲ ಅಲ್ಲಿದೆ. ಅಲ್ಲಿ 2 ಡಿಬಿ ಆಚೀಚೆ ಆದರೂ ಹಾಡುವವರು ಬೇರೆ ಕೋಣೆಗೆ ಹೋದ ಹಾಗಾಗುತ್ತದೆ.

ಹಳೇ 128ರ ಎಂಪಿ3ಗಳಿಂದ ಹೊಂದಿಸಬೇಡಿ. ಅವುಗಳಲ್ಲಿ ಸಾಮಾನ್ಯವಾಗಿ 16 ಕಿಲೋಹರ್ಟ್ಸ್ ಆಸುಪಾಸಿನಿಂದ ಮೇಲೆ ಏನೂ ಇರುವುದಿಲ್ಲ, ತಾಳದ ಸದ್ದು ನೀರಿನಲ್ಲಿ ಅದ್ದಿದ ಹಾಗಿರುತ್ತದೆ, ಇಲ್ಲದ್ದನ್ನು ಈಕ್ವಲೈಜರ್ ತಂದುಕೊಡಲಾರದು. ಫ್ಲ್ಯಾಕ್ ಹಾಡುಗಳಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ನಾಲ್ಕೈದನ್ನು ಆರಿಸಿಕೊಳ್ಳಿ.


ಹಳೇಕ್ಯಾಸೆಟ್:

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ರಾತ್ರಿ ಸುಸ್ತಾಗಿ ಕೂತು ಮಾಡಬೇಡಿ. ಕಿವಿ ಒಗ್ಗಿಕೊಳ್ಳುತ್ತದೆ, ಹತ್ತು ನಿಮಿಷ ಚೂಪು ಸದ್ದು ಕೇಳಿದರೆ ಅದೇ ಸರಿ ಅನ್ನಿಸತೊಡಗುತ್ತದೆ. ರಾತ್ರಿ ಮಾಡಿದ್ದನ್ನು ಬೆಳಿಗ್ಗೆ ಕೇಳಿದರೆ ಎಷ್ಟೋ ಸಲ ಅಳಿಸಬೇಕಾಗುತ್ತದೆ.

ಎರಡು ಗಂಟೆ ಕೇಳಬೇಕು ಅಂತ ಬರೆದಿದ್ದೀರಿ, ಅದಕ್ಕೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದೊಡ್ಡವರಿಗೆ 80 ಡಿಬಿ ಮಟ್ಟದಲ್ಲಿ ವಾರಕ್ಕೆ 40 ಗಂಟೆ. ಪ್ರತಿ 3 ಡಿಬಿ ಏರಿದರೆ ಸಮಯ ಅರ್ಧ. 86ಕ್ಕೆ ಹೋದರೆ ವಾರಕ್ಕೆ 10 ಗಂಟೆಯೇ. ಬೇಸ್ ಕಡಿಮೆ ಅನ್ನಿಸಿದಾಗ ವಾಲ್ಯೂಮ್ ಏರಿಸುವ ಬದಲು ಆ ಶೆಲ್ಫ್ 1 ಡಿಬಿ ಎತ್ತಿಕೊಳ್ಳುವುದು ಕಿವಿಗೆ ಎಷ್ಟೋ ಮೇಲು. ಕಿವಿ ಹೋದರೆ ವಾಪಸ್ ಬರುವುದಿಲ್ಲ.


ಕೊಳಲುಕಿವಿ:

ಆಯಾಸದ ಬಗ್ಗೆ ಇನ್ನೊಂದು ಸೇರಿಸುತ್ತೇನೆ. ನಿಮ್ಮ ಸಂಗ್ರಹದಲ್ಲಿ ಸ್ಟೀರಿಯೊ ಹೊಸದಾಗಿದ್ದ ಕಾಲದ ಹಾಡುಗಳು ಇವೆಯಾ? ಎಡ ಕಿವಿಯಲ್ಲಿ ಬರೀ ವಾದ್ಯ, ಬಲ ಕಿವಿಯಲ್ಲಿ ಬರೀ ದನಿ ಇರುವಂಥವು? ಅಂಥವನ್ನು ಹೆಡ್‌ಫೋನ್‌ನಲ್ಲಿ ಕೇಳಿದರೆ ತಲೆ ಎರಡು ಹೋಳಾದ ಹಾಗಾಗುತ್ತದೆ. ಸ್ಪೀಕರ್ ಎದುರು ಕೂತಾಗ ಎಡ ಸ್ಪೀಕರ್‌ನ ಸದ್ದು ಬಲ ಕಿವಿಗೂ ತುಸು ತಡವಾಗಿ, ತುಸು ಮಂಕಾಗಿ ತಲುಪುತ್ತದೆ. ಹೆಡ್‌ಫೋನ್‌ನಲ್ಲಿ ಅದು ಆಗುವುದಿಲ್ಲ. ಆ ಬೆರಕೆಯನ್ನು ಸಾಫ್ಟ್‌ವೇರ್‌ನಲ್ಲಿ ಮಾಡುವುದಕ್ಕೆ ಕ್ರಾಸ್‌ಫೀಡ್ ಅನ್ನುತ್ತಾರೆ. ಬಾವರ್ ಅನ್ನುವವರು 1961ರಲ್ಲೇ ಇದರ ಬಗ್ಗೆ ಬರೆದಿದ್ದರು, ಅವರ ಹೆಸರಲ್ಲೇ ಬಿಎಸ್2ಬಿ ಅನ್ನುವ ಪ್ಲಗಿನ್ ಇದೆ, ಫೂಬಾರ್‌ಗೂ ಸಿಗುತ್ತದೆ. 700 ಹರ್ಟ್ಸ್, 4.5 ಡಿಬಿ ಅಂತ ಮೊದಲೇ ಇರುತ್ತದೆ, ಅದನ್ನೇ ಇಟ್ಟು ಕೇಳಿ. ಮೊದಲ ಐದು ನಿಮಿಷ ಅಗಲ ಕಡಿಮೆಯಾಯಿತು ಅನ್ನಿಸುತ್ತದೆ, ಒಂದು ಗಂಟೆ ಆದ ಮೇಲೆ ತೆಗೆದು ನೋಡಿ, ಆಗ ಗೊತ್ತಾಗುತ್ತದೆ ಅದರ ಬೆಲೆ.


ಸದ್ದುಮಾಪಕ:

ಕ್ರಾಸ್‌ಫೀಡ್ ಅಂಥ ಹಳೆಯ ರೆಕಾರ್ಡಿಂಗ್‌ಗಳಿಗೆ ಮಾತ್ರ ಇರಲಿ ಅಂತ ನನ್ನ ಅಭಿಪ್ರಾಯ. ಇತ್ತೀಚಿನ ಹಾಡುಗಳಲ್ಲಿ ಬೇಸ್ ಮತ್ತು ದನಿ ಹೇಗೂ ನಡುವೆಯೇ ಇರುತ್ತವೆ, ಅಲ್ಲಿ ಹಾಕಿದರೆ ನನಗೆ ಹಾಡು ಮುದುಡಿದ ಹಾಗೆ ಕೇಳಿಸುತ್ತದೆ. ಫೂಬಾರ್‌ನಲ್ಲಿ ಡಿಎಸ್‌ಪಿ ಪ್ರಿಸೆಟ್ ಎರಡು ಮಾಡಿಟ್ಟು ಬೇಕಾದಾಗ ಬದಲಿಸಿಕೊಳ್ಳಬಹುದು.

ಇನ್ನೊಂದು, ಫೂಬಾರ್‌ಗೆ ಎಬಿಎಕ್ಸ್ ಅನ್ನುವ ಕಾಂಪೊನೆಂಟ್ ಇದೆ. ಎರಡು ಫೈಲ್ ಕೊಟ್ಟರೆ ಯಾವುದು ಅಂತ ಹೇಳದೆ ಕೇಳಿಸುತ್ತದೆ, ನೀವು ಗುರುತಿಸಬೇಕು. ಸುಮ್ನೆ ಊಹಿಸಿ 10ರಲ್ಲಿ 9 ಅಥವಾ ಜಾಸ್ತಿ ಸರಿ ಬರುವ ಸಾಧ್ಯತೆ ನೂರಕ್ಕೆ ಒಂದರಷ್ಟು. ಫ್ಲ್ಯಾಕ್‌ಗೂ 320ರ ಎಂಪಿ3ಗೂ ವ್ಯತ್ಯಾಸ ಕೇಳಿಸುತ್ತದಾ ಅನ್ನುವಂಥ ಪ್ರಶ್ನೆಗಳನ್ನು ಅದರಲ್ಲಿ ಒಮ್ಮೆ ಬಗೆಹರಿಸಿಕೊಂಡರೆ ಮನಸ್ಸು ಹಗುರಾಗುತ್ತದೆ.


ಮಂದ್ರಪ್ರಿಯ:

ಐದು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಎಲ್ಲರ ಮಾತನ್ನೂ ಒಂದೊಂದಾಗಿ ಮಾಡಿ ನೋಡಿದೆ.

ಈಗ ಇರುವುದು ಹೀಗೆ. ವಿಂಡೋಸ್‌ನಲ್ಲಿ 24 ಬಿಟ್ 44.1, ಎನ್‌ಹ್ಯಾನ್ಸ್‌ಮೆಂಟ್ ಎಲ್ಲ ಆಫ್. ಷೇರ್ಡ್ ಮೋಡ್, ಈಕ್ವಲೈಜರ್ ಎಪಿಒ ಒಂದೇ. ಪ್ರೊಫೈಲ್‌ನ ಲೋ ಶೆಲ್ಫ್ ಒಂದೂವರೆ ಡಿಬಿ ಮಾತ್ರ ಎತ್ತಿದ್ದೇನೆ, 250ರಲ್ಲಿ 2 ಇಳಿಸಿದ ಮೇಲೆ ಅದಕ್ಕಿಂತ ಜಾಸ್ತಿ ಬೇಕೇ ಆಗಲಿಲ್ಲ. ಪ್ರಿಆಂಪ್ ಮೈನಸ್ 8, ಪೀಕ್ ಗೇನ್ ಸೊನ್ನೆಯ ಕೆಳಗೇ ಇದೆ. ರಿಪ್ಲೇಗೇನ್ ಆಲ್ಬಂ ಮೋಡ್. ಪ್ರೊಫೈಲ್‌ನಲ್ಲಿ 9 ಕಿಲೋಹರ್ಟ್ಸ್ ಹತ್ತಿರ 4 ಡಿಬಿ ಎತ್ತುವ ಕಿರಿದಾದ ಫಿಲ್ಟರ್ ಒಂದಿತ್ತು, ಅದನ್ನು ತೆಗೆದೆ, ಚುಚ್ಚುವುದು ಮುಕ್ಕಾಲು ಪಾಲು ಅಲ್ಲೇ ಹೋಯಿತು. ಉಳಿದದ್ದಕ್ಕೆ ಟೋನ್ ಜನರೇಟರ್‌ನಲ್ಲಿ ಹುಡುಕಿದೆ, ಮೂರು ಸಲವೂ 6.3ರ ಹತ್ತಿರವೇ ಸಿಕ್ಕಿತು, 3 ಇಳಿಸಿದೆ.

ನಿನ್ನೆ ಸಂಜೆ ಎರಡೂವರೆ ಗಂಟೆ ಕೇಳಿದೆ. ಹೆಡ್‌ಫೋನ್ ತೆಗೆಯಬೇಕು ಅನ್ನಿಸಲೇ ಇಲ್ಲ. ವರ್ಷಗಳಿಂದ ಕೇಳಿದ ಒಂದು ಹಾಡಿನಲ್ಲಿ ಪಲ್ಲವಿಗೆ ಮುಂಚೆ ಹಾಡುವವರು ಉಸಿರು ಎಳೆದುಕೊಳ್ಳುವುದು ಕೇಳಿಸಿತು, ಅದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಕೊನೆಯದಾಗಿ ಒಂದು. ಇದೇ ಹೆಡ್‌ಫೋನನ್ನು ಆಂಡ್ರಾಯ್ಡ್ ಫೋನ್‌ಗೆ ಹಾಕಿದರೆ ಇದೇ ಸಂಖ್ಯೆಗಳು ನಡೆಯುತ್ತವಾ?


ಸದ್ದುಮಾಪಕ:

ಹೆಡ್‌ಫೋನ್ ಅದೇ, ಕಿವಿ ಅದೇ ಆದ್ದರಿಂದ ಸಂಖ್ಯೆಗಳೂ ಅವೇ. ಪವರ್‌ಆಂಪ್ ಅನ್ನುವ ಆಂಡ್ರಾಯ್ಡ್ ಪ್ಲೇಯರ್‌ನಲ್ಲಿ ಪ್ಯಾರಾಮೆಟ್ರಿಕ್ ಈಕ್ವಲೈಜರ್ ಇದೆ, ಫ್ರೀಕ್ವೆನ್ಸಿ, ಗೇನ್, ಕ್ಯೂ ಮೂರನ್ನೂ ಹಾಗೇ ಬರೆದುಕೊಳ್ಳಬಹುದು, ಪ್ರಿಆಂಪ್ ಕೂಡ. ಅದಕ್ಕೂ ಮೊದಲು ಫೋನ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿರುವ ಈಕ್ವಲೈಜರ್ ಮತ್ತು ಸರೌಂಡ್ ಎಲ್ಲ ಆಫ್ ಮಾಡಿ, ಅಲ್ಲೂ ಎರಡು ಕಡೆ ಎತ್ತುವ ತಪ್ಪು ಸುಲಭವಾಗಿ ಆಗುತ್ತದೆ. ಫೋನ್‌ನಿಂದ ಮೈನಸ್ 8 ಇಟ್ಟಾಗ ಸದ್ದು ಸಾಲದಿದ್ದರೆ ನಿಮ್ಮ ಯುಎಸ್‌ಬಿ ಡ್ಯಾಕನ್ನೇ ಫೋನ್‌ಗೆ ಸಿಕ್ಕಿಸಿ ನೋಡಿ, ಬಹಳಷ್ಟು ಡ್ಯಾಕ್‌ಗಳು ಫೋನ್ ಜೊತೆಗೂ ಕೆಲಸ ಮಾಡುತ್ತವೆ.